ಬೋರಿನ ನೀರು ಹೊಲಕ್ಕಿರಲಿ, ರೇಡಿಯೇಟರಿಗೆ ಬೇಡ

ಟ್ರಾಕ್ಟರಿಗೆ ಡೀಸೆಲ್ ಹಾಕಿಸುವಾಗ ಯಾವ ಬಂಕಿನದು ಅಂತ ಕೇಳುತ್ತೇವೆ. ಆಯಿಲ್ ಬದಲಿಸುವಾಗ ಡಬ್ಬಿ ಒಡೆದದ್ದೋ ಸೀಲ್ ಇದ್ದದ್ದೋ ಅಂತ ತಿರುಗಿಸಿ ನೋಡುತ್ತೇವೆ. ಆದರೆ ರೇಡಿಯೇಟರಿಗೆ ಹಾಕುವ ನೀರು ಎಲ್ಲಿಯದು ಅಂತ ಕೇಳಿದವರನ್ನು ನಾನು ನೋಡಿಲ್ಲ. ಹೊಲದ ಬದುವಿನಲ್ಲಿ ಬೋರ್ ಓಡ್ತಾ ಇರುತ್ತೆ, ಡ್ರೈವರ್ ಹುಡುಗ ಒಂದು ಬಕೀಟು ಹಿಡಿದು ತಂದು ಸುರಿಯುತ್ತಾನೆ, ಮುಚ್ಚಳ ಹಾಕಿದರೆ ಮುಗೀತು. ನೀರು ಅಂದಮೇಲೆ ನೀರೇ ಅಲ್ವಾ ಅನ್ನೋದು ನಮ್ಮ ಲೆಕ್ಕ. ಈ ಲೆಕ್ಕ ನಮ್ಮ ಅಪ್ಪಂದಿರ ಕಾಲದ ಗಾಡಿಗೆ ಹೇಗೋ ನಡೀತು. ಈಗಿನ ಗಾಡಿಗಳಿಗೆ ನಡೆಯೋದಿಲ್ಲ ಅನ್ನೋದೇ ನನ್ನ ವಾದ.

ಕಾರಣ ಏನಂದ್ರೆ, ಹಳೇ ಟ್ರಾಕ್ಟರುಗಳ ರೇಡಿಯೇಟರ್ ತಾಮ್ರ ಹಿತ್ತಾಳೆಯದು. ತೂತು ಬಿದ್ದರೆ ಊರಲ್ಲೇ ಬಿಚ್ಚಿ, ಕಾಯಿಸಿ, ಸೀಸ ಹಾಕಿ ಬೆಸುಗೆ ಮಾಡಿಸಿಕೊಂಡು ಬರುತ್ತಿದ್ದೆವು. ಎಷ್ಟೋ ರೇಡಿಯೇಟರುಗಳು ಆರೇಳು ಬೆಸುಗೆ ತಿಂದು ಇಪ್ಪತ್ತು ವರ್ಷ ದುಡಿದಾವೆ. ಈಗ ಕಾರು, ಸಣ್ಣ ಗೂಡ್ಸ್ ಗಾಡಿ, ಹೊಸ ಟ್ರಾಕ್ಟರುಗಳಲ್ಲೂ ಹಲವಕ್ಕೆ ಬರುವುದು ಅಲ್ಯುಮಿನಿಯಂ ರೇಡಿಯೇಟರ್. ಮೇಲೆ ಕೆಳಗೆ ಅಥವಾ ಎಡಬಲಕ್ಕೆ ಕರೀ ಪ್ಲಾಸ್ಟಿಕ್ ತೊಟ್ಟಿ, ನಡುವೆ ಬೆಳ್ಳಗಿನ ಜಾಲರಿ. ಪ್ಲಾಸ್ಟಿಕ್ಕಿಗೂ ಲೋಹಕ್ಕೂ ನಡುವೆ ಒಂದು ರಬ್ಬರ್ ಪಟ್ಟಿ, ಸುತ್ತಲೂ ತಗಡಿನ ಹಲ್ಲು ಮಡಚಿ ಕಚ್ಚಿಸಿರುತ್ತಾರೆ. ಕಂಪನಿಯವರು ಇದಕ್ಕೆ ಬದಲಾಗಿದ್ದು ಸುಮ್ಮನೆ ಅಲ್ಲ. ತಾಮ್ರಕ್ಕೆ ಹೋಲಿಸಿದರೆ ಅಲ್ಯುಮಿನಿಯಂ ತೂಕದಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ, ಬೆಲೆಯಲ್ಲೂ ಬಹಳ ಅಗ್ಗ. ಶಾಖ ಸಾಗಿಸುವುದರಲ್ಲಿ ತಾಮ್ರವೇ ಮುಂದು. ಆದರೆ ಅಲ್ಯುಮಿನಿಯಂ ಕೊಳವೆಯನ್ನು ಅಗಲವಾಗಿ, ಚಪ್ಪಟೆಯಾಗಿ ಮಾಡಿ ಆ ಕೊರತೆ ತುಂಬಿಸಿದ್ದಾರೆ. ಆದ್ದರಿಂದ "ತಾಮ್ರದ ಕಾಲವೇ ಚಲೋ ಇತ್ತು" ಅಂತ ಕಟ್ಟೆ ಮೇಲೆ ಕುಂತು ಹೇಳೋದರಲ್ಲಿ ಅರ್ಥ ಇಲ್ಲ. ಸಾಮಾನು ಕೆಟ್ಟದ್ದಲ್ಲ, ಅದಕ್ಕೆ ನಾವು ಕುಡಿಸುವ ನೀರು ಕೆಟ್ಟದ್ದು.

ನಿಮ್ಮ ಗಾಡಿಯದು ಯಾವುದು ಅಂತ ತಿಳಿಯಲು ಜಾಲರಿಯ ಅಂಚನ್ನು ಮೊಳೆಯಿಂದ ಹಗುರವಾಗಿ ಕೆರೆದು ನೋಡಿ. ಕೆಂಪಗೆ ಕಂಡರೆ ತಾಮ್ರ, ಬೆಳ್ಳಗೆ ಕಂಡರೆ ಅಲ್ಯುಮಿನಿಯಂ. ಕೊಳವೆಯನ್ನು ಮಾತ್ರ ಕೆರೆಯಬೇಡಿ. ಆ ಕೊಳವೆಯ ಗೋಡೆ ಪೋಸ್ಟ್ ಕಾರ್ಡಿನಷ್ಟು ದಪ್ಪ ಇರೋದೇ ಹೆಚ್ಚು.

ಅಲ್ಯುಮಿನಿಯಂ ಸ್ವಭಾವ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಮೆಕ್ಯಾನಿಕ್ಕಿಗಿಂತ ಚೆನ್ನಾಗಿ ಗೊತ್ತು. ಅಲ್ಯುಮಿನಿಯಂ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ರಾತ್ರಿಯಿಡೀ ಇಡೋದಿಲ್ಲ. ಸೋಡಾ ಹಾಕಿ ತಿಕ್ಕಿದರೆ ಪಾತ್ರೆ ಕಪ್ಪಾಗುತ್ತೆ ಅಂತ ಬೂದಿ, ಸಬೀನಾ ಹುಡುಕುತ್ತಾರೆ. ಇಷ್ಟೇ ವಿಷಯ. ಅಲ್ಯುಮಿನಿಯಂ ಮೈಮೇಲೆ ಕಣ್ಣಿಗೆ ಕಾಣದ ಒಂದು ತೆಳು ಪೊರೆ ತಾನಾಗಿಯೇ ಕಟ್ಟಿಕೊಂಡಿರುತ್ತೆ. ಆ ಪೊರೆಯೇ ಅದರ ಚರ್ಮ. ಹುಳಿ ಹೆಚ್ಚಾದರೂ ಪೊರೆ ಕರಗುತ್ತೆ, ಸೋಡಾ ಗುಣ ಹೆಚ್ಚಾದರೂ ಕರಗುತ್ತೆ. ನೀರಿನ ಪಿ.ಎಚ್. ಸುಮಾರು ನಾಲ್ಕೂವರೆಯಿಂದ ಎಂಟೂವರೆ ಒಳಗಿದ್ದರೆ ಮಾತ್ರ ಚರ್ಮ ಗಟ್ಟಿ. ಇನ್ನು ಉಪ್ಪು, ಅಂದರೆ ಕ್ಲೋರೈಡು, ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತೆ. ಚುಚ್ಚಿದ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿ ಬಿದ್ದು, ಅದು ಆಳಕ್ಕೆ ಇಳಿದು, ಒಂದು ದಿನ ಆಚೆ ಕಡೆ ಬಂದುಬಿಡುತ್ತೆ. ಉಳಿದ ಕೊಳವೆ ಎಲ್ಲ ಹೊಸದರಂತೆ ಇರುತ್ತೆ, ಒಂದು ತೂತಿನಲ್ಲಿ ನೀರು ಖಾಲಿ.

ಈಗ ನಮ್ಮ ಸೀಮೆಯ ನೀರಿಗೆ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಕಡೆ ಹೊಳೆ ದಂಡೆಯ ಊರುಗಳನ್ನು ಬಿಟ್ಟರೆ ನಮಗೆ ಗತಿ ಬೋರಿನ ನೀರೇ. ಹರಪನಹಳ್ಳಿಯವರು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋದರು, ಆಮೇಲೆ ತಿರುಗಿ ಬಳ್ಳಾರಿಗೆ ಬಂದರು, 2021ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರಕ್ಕೆ ಸೇರಿದರು. ಜಿಲ್ಲೆ ಮೂರು ಸಲ ಬದಲಾಯಿತು, ಬೋರಿನ ನೀರಿನ ರುಚಿ ಮಾತ್ರ ಬದಲಾಗಲಿಲ್ಲ. ಕಲ್ಲು ನೆಲದ ಆಳದಿಂದ ಬರುವ ಗಡಸು ನೀರು. ಕೂಡ್ಲಿಗಿ ಕಡೆ ಫ್ಲೋರೈಡ್ ಅಂತ ಎಲ್ಲರಿಗೂ ಗೊತ್ತು, ಹಲ್ಲು ಮೂಳೆ ನೋಡಿದರೆ ಸಾಕು. ರೇಡಿಯೇಟರಿಗೆ ಫ್ಲೋರೈಡ್ ಮುಖ್ಯ ವೈರಿ ಅಲ್ಲ. ಆದರೆ ಫ್ಲೋರೈಡ್ ಇರುವ ನೀರಿಗೆ ಸಾಮಾನ್ಯವಾಗಿ ಸೋಡಾ ಗುಣವೂ ಜೊತೆಗೇ ಇರುತ್ತೆ. ಇಂಥ ನೀರನ್ನು ಕಾಯಿಸಿದಾಗ ಅದರೊಳಗಿನ ಗಾಳಿ ಹಾರಿಹೋಗಿ ಸೋಡಾ ಗುಣ ಇನ್ನೂ ಏರುತ್ತೆ, ಸುಣ್ಣ ಬೇರೆಯಾಗಿ ತಳಕ್ಕೆ ಕೂರುತ್ತೆ. ನೀರು ಕಾಯಿಸುವ ಹಂಡೆಯ ಒಳಗೆ ಬಿಳೀ ಪರೆ ಕಟ್ಟೋದನ್ನು ನೋಡಿಲ್ವಾ? ಎಂಜಿನ್ ಅಂದ್ರೆ ದಿನವಿಡೀ ಕುದಿಯೋ ಹಂಡೆ.

ಒಂದು ಸಣ್ಣ ಲೆಕ್ಕ ಹಾಕಿ. ಬೋರಿನ ನೀರಿನಲ್ಲಿ ಲೀಟರಿಗೆ ಒಂದು ಗ್ರಾಂ ಲವಣ ಇದೆ ಅಂತ ಇಟ್ಟುಕೊಳ್ಳಿ. ನಮ್ಮ ಕಡೆ ಇದು ದೊಡ್ಡ ಮಾತಲ್ಲ. ನೀರು ಆವಿಯಾಗಿ ಹೋಗುತ್ತೆ, ಲವಣ ಒಳಗೇ ಉಳಿಯುತ್ತೆ. ಕುದ್ದು ಕಡಿಮೆಯಾದ ನೀರಿಗೆ ದಿನಾ ಅರ್ಧ ಲೀಟರ್ ಮೇಲೆ ಹಾಕಿದರೆ ನೂರು ದಿನಕ್ಕೆ ಐವತ್ತು ಲೀಟರು, ಅಂದ್ರೆ ಐವತ್ತು ಗ್ರಾಂ ಉಪ್ಪು ಸುಣ್ಣ ರೇಡಿಯೇಟರಿನ ಹೊಟ್ಟೆಯಲ್ಲಿ. ಚಪ್ಪಟೆ ಕೊಳವೆಯ ಒಳಗಿನ ಸಂದು ಎರಡು ಮಿಲಿಮೀಟರ್ ಆಸುಪಾಸು. ಕಟ್ಟಿಕೊಳ್ಳದೆ ಏನು ಮಾಡುತ್ತೆ?

"ಅಲ್ಲರೀ, ನಾವೇ ಕುಡಿಯೋ ನೀರು, ಎಂಜಿನ್ನಿಗೆ ಆಗಲ್ವಾ?" ಅಂತ ನನ್ನನ್ನು ಬಹಳ ಜನ ಕೇಳ್ಯಾರೆ. ಆಗಲ್ಲ. ಸರ್ಕಾರದ ಕುಡಿಯುವ ನೀರಿನ ಅಳತೆಯಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಚಲೋ, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಕುಡಿಯಬಹುದು ಅಂತ ಇದೆ. ಕ್ಲೋರೈಡಿಗೆ ಹೀಗೇ 250, ಬೇರೆ ದಾರಿ ಇಲ್ಲದಾಗ 1000. ಆದರೆ ದೊಡ್ಡ ಡೀಸೆಲ್ ಎಂಜಿನ್ ಮಾಡುವ ಕಂಪನಿಗಳ ಪುಸ್ತಕದಲ್ಲಿ ರೇಡಿಯೇಟರ್ ನೀರಿಗೆ ಕೊಡುವ ಮಿತಿ ಗಡಸುತನ 170, ಕ್ಲೋರೈಡ್ 40. ಮನುಷ್ಯನ ಹೊಟ್ಟೆ ತಡೆಯುತ್ತೆ, ಅಲ್ಯುಮಿನಿಯಂ ತಡೆಯೋದಿಲ್ಲ.

ಇದೆಲ್ಲ ಹೊಟ್ಟೆ ತುಂಬಿದವರ ಮಾತು ಅಂತ ಯಾರೂ ತಿಳಿಯಬಾರದು. ನಮ್ಮದು ಮಳೆ ಆಶ್ರಯದ ಬೇಸಾಯ. ಮಳೆ ಬಿದ್ದು ಮಸಾರಿ ಹೊಲಕ್ಕೆ ಹದ ಬಂದರೆ ಅದು ಎರಡು ದಿನ, ಹೆಚ್ಚಂದ್ರೆ ಮೂರು ದಿನ. ಅಷ್ಟರೊಳಗೆ ಶೇಂಗಾ ಮೆಕ್ಕೆಜೋಳ ಬೀಜ ನೆಲಕ್ಕೆ ಬೀಳಬೇಕು. ಹೋದ ಮುಂಗಾರಿನಲ್ಲಿ ನಮ್ಮ ಪಕ್ಕದ ಹೊಲದವರ ಬಾಡಿಗೆ ಟ್ರಾಕ್ಟರ್ ಸರಿಯಾಗಿ ಅಂಥ ದಿನವೇ ಕುದ್ದು ನಿಂತಿತು. ಕೊಳವೆ ತೂತಾಗಿ ನೀರು ಸೋರಿದ್ದು ಡ್ರೈವರಿಗೆ ಗೊತ್ತಾಗಲಿಲ್ಲ. ಶಾಖದ ಮುಳ್ಳು ಕೆಟ್ಟು ಯಾವ ಕಾಲವಾಗಿತ್ತೋ. ರೇಡಿಯೇಟರಿಗೆ ಎಂಟು ಸಾವಿರ ಹೋಯಿತು. ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಸುಟ್ಟಿದ್ದಕ್ಕೆ ಅದರ ಮೂರರಷ್ಟು ಹೋಯಿತು. ಅದು ಟ್ರಾಕ್ಟರಿನವರ ಗಂಟು. ಹೊಲದವರ ಗಂಟು ಬೇರೆ. ಎಲ್ಲರ ಗಾಡಿಗಳೂ ಬಿತ್ತನೆಗೆ ಹೋಗಿದ್ದವು, ಇನ್ನೊಂದು ಗಾಡಿ ಸಿಗುವುದರೊಳಗೆ ನಾಲ್ಕೆಕರೆ ಹೊಲದ ಹಸಿ ಆರಿಹೋಯಿತು. ಆಮೇಲೆ ಮಳೆ ಹದಿನೆಂಟು ದಿನ ಬರಲಿಲ್ಲ.

ಇಂಥ ಹೊತ್ತಿಗೆ ನಮ್ಮವರು ಮಾಡುವುದು ಅರಿಷಿಣದ ವೈದ್ಯ. ಒಂದು ಮುಷ್ಟಿ ಅರಿಷಿಣ ಪುಡಿ ರೇಡಿಯೇಟರಿಗೆ ಸುರಿದರೆ ಸೋರಿಕೆ ನಿಲ್ಲುತ್ತೆ. ನಿಲ್ಲೋದು ನಿಜ, ನಾನು ಅಲ್ಲಗಳೆಯೋದಿಲ್ಲ. ಪುಡಿ ನೀರಿನಲ್ಲಿ ಉಬ್ಬಿ ತೂತಿಗೆ ಹೋಗಿ ಕೂರುತ್ತೆ. ನಡುರಾತ್ರಿ ಹೊಸಪೇಟೆ ದಾರಿಯಲ್ಲಿ ನಿಂತರೆ ಒಂದು ಚಮಚ ಹಾಕಿ ಊರು ಮುಟ್ಟಿ. ಆದರೆ ಅದನ್ನೇ ದುರಸ್ತಿ ಅಂತ ತಿಳಿದು ವರ್ಷಗಟ್ಟಲೆ ಓಡಿಸುವುದು ಬೇರೆ. ಅರಿಷಿಣಕ್ಕೆ ಯಾವುದು ತೂತು, ಯಾವುದು ಕೊಳವೆ ಅಂತ ಗೊತ್ತಾಗಲ್ಲ. ಹಳೇ ತಾಮ್ರದ ಅಗಲ ಕೊಳವೆಯಲ್ಲಿ ಹೇಗೋ ಹಾದುಹೋಗುತ್ತಿತ್ತು, ಈ ಸಣ್ಣ ಸಂದಿನಲ್ಲಿ ಸುಣ್ಣದ ಪರೆಗೆ ಅಂಟಿ ಗಾರೆಯಂತೆ ಆಗುತ್ತೆ. ಸೋರಿಕೆ ನಿಂತಿತು ಅಂತ ಖುಷಿಪಟ್ಟವರ ಗಾಡಿ ಮುಂದಿನ ಬೇಸಿಗೆಗೆ ಕುದಿಯಲು ಶುರುಮಾಡುತ್ತೆ.

ಇದಕ್ಕಿಂತ ಕೆಟ್ಟದ್ದು ವಾಷಿಂಗ್ ಸೋಡಾ. ಹಳೇ ಮೇಸ್ತ್ರಿಗಳು ಸುಣ್ಣದ ಪರೆ ಬಿಡಿಸಲು ಬಿಸಿನೀರಿಗೆ ವಾಷಿಂಗ್ ಸೋಡಾ ಕಲಸಿ ತಿರುಗಿಸುತ್ತಿದ್ದರು. ತಾಮ್ರಕ್ಕೆ, ಬೀಡು ಕಬ್ಬಿಣಕ್ಕೆ ಅದು ಸರಿಯಾದ ಮದ್ದೇ. ಅಲ್ಯುಮಿನಿಯಂ ರೇಡಿಯೇಟರಿಗೆ ಅದನ್ನು ಹಾಕಿದರೆ ಪರೆ ಬಿಡುವ ಮುಂಚೆ ಕೊಳವೆಯನ್ನೇ ತಿನ್ನುತ್ತೆ. ಕಾಸ್ಟಿಕ್ ಸೋಡಾ, ಬಾತ್‌ರೂಮ್ ತೊಳೆಯುವ ಆಸಿಡ್ ಇವಂತೂ ಹತ್ತಿರವೂ ಬರಬಾರದು. ಬ್ಯಾಟರಿ ನೀರು ತನ್ನಿ ಅಂದರೆ ಆಸಿಡ್ ತಂದ ಹುಡುಗರೂ ಇದ್ದಾರೆ, ಕ್ಯಾನ್ ಮೇಲಿನ ಚೀಟಿ ಓದಿ ಕೊಳ್ಳಬೇಕು. ಮೇಸ್ತ್ರಿಗಳನ್ನು ನಾನು ಬೈಯುತ್ತಿಲ್ಲ. ಅವರು ಕಲಿತ ವಿದ್ಯೆ ತಾಮ್ರದ್ದು, ಗಾಡಿ ಬದಲಾಗಿದೆ ಅಂತ ಅವರಿಗೆ ಬಂದು ಹೇಳಿದವರು ಯಾರು?

ಹಾಗಾದರೆ ಏನು ಹಾಕಬೇಕು? ಕೂಲಂಟು. ಇಲ್ಲಿ ನಮ್ಮವರ ತಕರಾರು ಒಂದೇ, "ಅದು ಮಂಜು ಬೀಳೋ ದೇಶದ ಸಾಮಾನು, ನಮ್ಮ ಬಿಸಿಲಿಗೆ ಯಾಕೆ?" ಹೆಸರಿನ ಅರ್ಧ ಕೇಳಿ ಈ ಮಾತು ಬಂದಿದೆ. ಕೂಲಂಟಿನಲ್ಲಿ ಇರುವ ಗ್ಲೈಕಾಲ್ ನೀರು ಹೆಪ್ಪುಗಟ್ಟದಂತೆ ನೋಡುತ್ತೆ ನಿಜ, ನಮಗೆ ಅದು ಬೇಕಿಲ್ಲ. ಅದೇ ಗ್ಲೈಕಾಲ್ ನೀರು ಬೇಗ ಕುದಿಯದಂತೆಯೂ ನೋಡುತ್ತೆ, ಅದು ಬೇಕು. ಅದಕ್ಕಿಂತ ಮುಖ್ಯ, ಅದರಲ್ಲಿ ತುಕ್ಕು ತಡೆಯುವ ಮದ್ದು ಕಲೆಸಿರುತ್ತಾರೆ. ಆ ಮದ್ದು ಅಲ್ಯುಮಿನಿಯಂ ಚರ್ಮವನ್ನು ಕಾಯುತ್ತೆ, ನೀರಿನ ಹುಳಿ ಸೋಡಾ ಏರುಪೇರಾಗದಂತೆ ಹಿಡಿದಿಡುತ್ತೆ. ನಾವು ದುಡ್ಡು ಕೊಡುವುದು ಆ ಮದ್ದಿಗೆ. ಅದು ಕೆಲಸ ಮಾಡಿ ಮಾಡಿ ಸವೆಯುತ್ತೆ. ಸಾಮಾನ್ಯ ಹಳೇ ಬಗೆಯದು ಎರಡು ವರ್ಷ, ಹೊಸ ಬಗೆಯದು ಐದು ವರ್ಷದ ತನಕ ಬರುತ್ತೆ. ಡಬ್ಬಿ ಮೇಲೆ ಐ.ಎಸ್. 5759 ಅಥವಾ ಜೆ.ಐ.ಎಸ್. ಕೆ 2234 ಅಂತ ಇದೆಯೋ ನೋಡಿ. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಮರುಳಾಗಬೇಡಿ, ಬಣ್ಣ ಕಂಪನಿಯವರ ಇಷ್ಟ. ಬಣ್ಣದ ನೀರನ್ನೇ ಕೂಲಂಟು ಅಂತ ಮಾರುವವರೂ ಇದ್ದಾರೆ. ಒಂದು ಬಗೆಯದರ ಮೇಲೆ ಇನ್ನೊಂದು ಬಗೆ ಸುರಿಯುವುದೂ ಬೇಡ.

ಗಟ್ಟಿ ಕೂಲಂಟನ್ನು ಹಾಗೇ ತುಂಬಿದರೆ ಇನ್ನೂ ಒಳ್ಳೇದು ಅಂತ ತಿಳಿದವರೂ ಸಿಕ್ಕಿದ್ದಾರೆ. ಅದು ತಪ್ಪು. ಶಾಖ ಹೊತ್ತೊಯ್ಯುವುದು ನೀರಿನ ಕೆಲಸ, ಗ್ಲೈಕಾಲ್ ಅದರಲ್ಲಿ ನೀರಿಗಿಂತ ಹಿಂದು. ಅರ್ಧಕ್ಕರ್ಧ ಕಲಸಿ. ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಮಾಡಿದರೆ ಮದ್ದು ಸಾಲೋದಿಲ್ಲ. ಎಂಟು ಲೀಟರ್ ಹಿಡಿಯುವ ಟ್ರಾಕ್ಟರಿಗೆ ನಾಲ್ಕು ಲೀಟರ್ ಗಟ್ಟಿ ಕೂಲಂಟಿಗೆ ನಾನು ಕೊಟ್ಟಿದ್ದು ಸಾವಿರದಿನ್ನೂರು ರೂಪಾಯಿ. ಎರಡು ವರ್ಷಕ್ಕೆ ಹಂಚಿದರೆ ದಿನಕ್ಕೆ ಎರಡು ರೂಪಾಯಿಗೂ ಕಡಿಮೆ. ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಚಾ ಕೂಡ ಬರೋದಿಲ್ಲ.

ಕಲಸುವ ನೀರು ಮಾತ್ರ ಬೋರಿನದಾಗಬಾರದು. ಇಲ್ಲದಿದ್ದರೆ ಎಡಗೈಲಿ ಮದ್ದು, ಬಲಗೈಲಿ ವಿಷ ಕೊಟ್ಟಂಗೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತೆ, ಮಿಷನ್ ಸರಿ ಇದ್ದರೆ ಅದು ಆಗುತ್ತೆ. ಅದೇ ಘಟಕದ ಹಿಂದಿನ ಪೈಪಿನಿಂದ ಹೊರಗೆ ಬಿಡುವ ನೀರು ಪುಕ್ಕಟೆ ಅಂತ ಹಿಡಿಯಬೇಡಿ, ಉಪ್ಪೆಲ್ಲ ಅದರಲ್ಲೇ ಇರೋದು. ನನಗೆ ಕೇಳಿದರೆ ಮಳೆನೀರಿನಷ್ಟು ಒಳ್ಳೆಯದು ಯಾವುದೂ ಇಲ್ಲ. ಹತ್ತಡಿ ಅಗಲ ಹತ್ತಡಿ ಉದ್ದದ ತಗಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಇನ್ನೂರ ಮೂವತ್ತು ಲೀಟರ್ ಮೇಲೆ ನೀರು. ನಮ್ಮ ದನದ ಕೊಟ್ಟಿಗೆಯ ಒಂದು ಮೂಲೆಗೆ ದೋಣಿ ಕಟ್ಟಿದ್ದೇನೆ. ಮೊದಲ ಮಳೆಯ ಧೂಳು ತೊಳೆದು ಹೋಗಲು ಬಿಟ್ಟು, ಎರಡನೇ ಮಳೆಯದನ್ನು ಬಟ್ಟೆಯಲ್ಲಿ ಸೋಸಿ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿಡುತ್ತೇನೆ. ನಾಲ್ಕು ಕ್ಯಾನು ಇದ್ದರೆ ಟ್ರಾಕ್ಟರಿಗೂ ಮಗನ ಗೂಡ್ಸ್ ಗಾಡಿಗೂ ವರ್ಷವಿಡೀ ಸಾಕು, ಬ್ಯಾಟರಿಗೆ ಮಾತ್ರ ಅಂಗಡಿಯ ಡಿಸ್ಟಿಲ್ಡ್ ನೀರು. ಸಿಮೆಂಟ್ ತೊಟ್ಟಿಯಲ್ಲಿ ಶೇಖರಿಸಬೇಡಿ, ಮಳೆನೀರು ಸಿಮೆಂಟಿನ ಸುಣ್ಣ ಹೀರಿಕೊಳ್ಳುತ್ತೆ. ಮಳೆನೀರು ಶುದ್ಧ ಅಂತ ಬರೀ ಅದನ್ನೇ ತುಂಬುವುದೂ ಸರಿಯಲ್ಲ. ಮದ್ದಿಲ್ಲದ ನೀರು ಎಷ್ಟೇ ಶುದ್ಧವಾಗಿದ್ದರೂ ಎಂಜಿನ್ ಒಳಗಿನ ಬೀಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ.

ಬದಲಿಸುವಾಗ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಮುಚ್ಚಳದ ಒಳಗೆ ಒತ್ತಡ ಇರೋದರಿಂದ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತೆ, ತೆಗೆದ ತಕ್ಷಣ ಮುಖಕ್ಕೆ ಚಿಮ್ಮುತ್ತೆ. ಹಳೇ ನೀರು ಬಿಟ್ಟು, ಒಳ್ಳೇ ನೀರು ತುಂಬಿ, ಎಂಜಿನ್ ಬಿಸಿಯಾಗುವ ತನಕ ಓಡಿಸಿ, ಆರಿದ ಮೇಲೆ ಮತ್ತೆ ಬಿಡಬೇಕು. ತಿಳಿನೀರು ಬರುವ ತನಕ ಹೀಗೆ ಎರಡು ಮೂರು ಸಲ. ಆ ಮುಚ್ಚಳದ ರಬ್ಬರ್ ಬಿರಿದಿದ್ದರೆ ಅದನ್ನೂ ಬದಲಿಸಿ. ನೂರಿನ್ನೂರು ರೂಪಾಯಿಯ ಮುಚ್ಚಳ ಸರಿಯಿಲ್ಲದೆ ದಿನಾ ನೀರು ಕುಡಿಯುವ ಗಾಡಿಗಳು ಎಷ್ಟೋ.

ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳೋದಿಲ್ಲ, ಅದು ಕರೆಂಟು. ಈಗಿನ ಹುಡುಗರು ಟ್ರಾಕ್ಟರಿಗೆ ಆರೆಂಟು ಲೈಟು, ಎರಡಾಳು ಎತ್ತರದ ಸೌಂಡ್ ಬಾಕ್ಸು ಕಟ್ಟುತ್ತಾರೆ. ಅದರ ಅರ್ಥಿಂಗ್ ವೈರನ್ನು ಕೈಗೆ ಸಿಕ್ಕ ಬೋಲ್ಟಿಗೆ, ಎಷ್ಟೋ ಸಲ ರೇಡಿಯೇಟರ್ ಬೋಲ್ಟಿಗೇ ಸುತ್ತುತ್ತಾರೆ. ಎಂಜಿನ್ನಿನ ಅರ್ಥ್ ಪಟ್ಟಿ ಸಡಿಲ ಇದ್ದರೆ ಕರೆಂಟು ರೇಡಿಯೇಟರ್ ನೀರಿನ ಮುಖಾಂತರ ದಾರಿ ಹುಡುಕುತ್ತೆ, ಹಾದಿಯಲ್ಲಿ ಅಲ್ಯುಮಿನಿಯಂ ತಿನ್ನುತ್ತೆ. ಹೊಸ ರೇಡಿಯೇಟರ್ ಕೆಲವೇ ತಿಂಗಳಿಗೆ ತೂತಾದರೆ ಕಂಪನಿಯನ್ನು ಬೈಯುವ ಮುಂಚೆ ಇದನ್ನು ನೋಡಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿ ರೇಡಿಯೇಟರ್ ನೀರಿನೊಳಗೆ, ಲೋಹಕ್ಕೆ ತಾಗದಂತೆ. ಲೈಟು, ಸೌಂಡು ಎಲ್ಲ ಹಾಕಿದಾಗ ಒಂದು ವೋಲ್ಟಿನ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಮಾಡಿಸಬೇಕು. ಗಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ವೈರ್ ಬಿಚ್ಚಿಸಿ.

ಹೊರಗಿನಿಂದಲೂ ಕೇಡು ಐತೆ. ಮೆಕ್ಕೆಜೋಳ ಒಕ್ಕುವ ಮಿಷನ್ ಹತ್ತಿರ ನಿಂತ ಟ್ರಾಕ್ಟರಿನ ಜಾಲರಿಗೆ ಹೊಟ್ಟು ಮೆತ್ತಿ ಗಾಳಿಯೇ ಹೋಗೋದಿಲ್ಲ. ಫ್ಯಾನ್ ಕಡೆಯಿಂದ ಮುಂದಕ್ಕೆ ಗಾಳಿ ಅಥವಾ ಹಗುರ ನೀರು ಹೊಡೆದು ತೆಗೀಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಹತ್ತಿರದಿಂದ ಹೊಡೆದರೆ ಜಾಲರಿ ಮಲಗಿಬಿಡುತ್ತೆ. ಯೂರಿಯಾ, ಡಿ.ಎ.ಪಿ. ಹಾಕಿದ ದಿನ ಗಾಡಿ ತೊಳೆದೇ ನಿಲ್ಲಿಸಬೇಕು.

ಮುಂಜಾನೆ ಗಾಡಿ ಚಾಲು ಮಾಡುವ ಮುಂಚೆ ಒಂದು ನಿಮಿಷ ಬಗ್ಗಿ ನೋಡಿದರೆ ಬಹಳಷ್ಟು ತಿಳಿಯುತ್ತೆ. ಪ್ಲಾಸ್ಟಿಕ್ ಅಂಚಿನಲ್ಲಿ ಬಿಳೀ ಪುಡಿ, ಒಂದೇ ಜಾಗಕ್ಕೆ ಅಂಟಿದ ಹಸಿ ಧೂಳು, ಬಣ್ಣದ ಕಲೆ ಕಂಡರೆ ಅಲ್ಲಿ ಸೋರುತ್ತಿದೆ. ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಾ ಎಂಜಿನ್ ಆಯಿಲ್ ಹಾಲು ಬೆರೆಸಿದ ಚಾದಂತೆ ಕಂಡರೆ ಗಾಡಿ ಚಾಲು ಮಾಡಲೇಬೇಡಿ, ನೀರು ಆಯಿಲ್ ಸೇರಿದೆ.

ಟ್ರಾಕ್ಟರ್ ಮಾರುವವರಿಗೆ ನನ್ನದೊಂದು ಮಾತಿದೆ. ಹಾರ ಹಾಕಿ, ಕಾಯಿ ಒಡೆದು, ಫೋಟೋ ತೆಗೆದು ಕೀಲಿ ಕೈ ಕೊಡುತ್ತೀರಿ. ಜೊತೆಗೆ ಕೊಡುವ ಪುಸ್ತಕದಲ್ಲಿ ರೇಡಿಯೇಟರ್ ವಿಷಯ ಎಲ್ಲೋ ಹಿಂದಿನ ಪುಟದಲ್ಲಿ, ಇಂಗ್ಲಿಷಿನಲ್ಲಿ. ಏಳನೇ ಕ್ಲಾಸಿನ ನಾನು ಅದನ್ನು ಮಗನ ಕೈಲಿ ಓದಿಸಿಕೊಂಡು ತಿಳಿಯಬೇಕಾಯಿತು. "ಇದು ಅಲ್ಯುಮಿನಿಯಂ, ಬೋರಿನ ನೀರು ಹಾಕಬೇಡಿ" ಅಂತ ಮುಚ್ಚಳದ ಪಕ್ಕ ಕನ್ನಡದಲ್ಲಿ ಒಂದು ಚೀಟಿ ಅಂಟಿಸಲು ಎಷ್ಟು ಖರ್ಚು? ನಮ್ಮ ಸಹಕಾರ ಸಂಘಗಳು ಗೊಬ್ಬರದ ಜೊತೆ ಸೀಲ್ ಇರುವ ಕೂಲಂಟ್ ಡಬ್ಬಿ ಇಡಬಹುದು. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಡ್ರೈವರುಗಳಿಗೆ ಒಂದು ದಿನ ಇದನ್ನು ತೋರಿಸಿ ಕಲಿಸಬಹುದು. ಬಕೀಟು ಹಿಡಿಯುವ ಕೈ ಅವರದೇ ತಾನೆ.

ಒಂದು ಎಚ್ಚರಿಕೆ ಬಿಟ್ಟುಹೋಗಬಾರದು. ಕೂಲಂಟು ಸಿಹಿಯಾಗಿರುತ್ತೆ, ಮತ್ತು ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ, ಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಹಳೆಯದನ್ನು ಬಿಡುವಾಗ ಕೆಳಗೆ ಬುಟ್ಟಿ ಇಟ್ಟು ಹಿಡಿಯಿರಿ, ದನದ ಬಾನಿ, ಬಾವಿ ಬೋರುಗಳ ಹತ್ತಿರ ಚೆಲ್ಲಬೇಡಿ, ಮುಚ್ಚಿದ ಡಬ್ಬಿಯಲ್ಲಿ ಹಳೇ ಆಯಿಲ್ ತಗೊಳ್ಳುವ ಗ್ಯಾರೇಜಿನವರನ್ನು ಕೇಳಿ ಕೊಡಿ. ಉಳಿದದ್ದನ್ನು ತಂಪು ಪಾನೀಯದ ಬಾಟಲಿಗೆ ಹಾಕಿ ಇಡಲೇಬೇಡಿ, ಬಣ್ಣ ನೋಡಿ ಮಕ್ಕಳು ಕುಡಿದಾವು.

ನಮ್ಮ ಟ್ರಾಕ್ಟರಿನ ಅಲ್ಯುಮಿನಿಯಂ ರೇಡಿಯೇಟರ್ ಮಳೆನೀರು ಕೂಲಂಟಿನಲ್ಲಿ ಏಳನೇ ವರ್ಷ ನಡೀತಾ ಐತೆ, ಇನ್ನೂ ಬಿಚ್ಚಿಲ್ಲ. ನಿಮ್ಮಲ್ಲಿ ಯಾರಾದರೂ ಹೀಗೆ ಓಡಿಸಿದ್ದರೆ ಎಷ್ಟು ವರ್ಷ ಬಂತು, ನೀರು ಎಲ್ಲಿಯದು, ಯಾವ ಬಗೆಯ ಕೂಲಂಟು ಅಂತ ಪತ್ರಿಕೆಗೆ ಬರೆಯಿರಿ.